ಮೊರಾನಾಳಿಗೆ ಹತ್ತಿರದವಳು ನಮ್ಮ ಹೋಳಿಗೆಮ್ಮ

ಮಾನ್ಯ ಸಂಪಾದಕರೇ,

ರಷ್ಯನ್ನರು, ಪೋಲೆಂಡಿನವರು, ಜೆಕ್‌ರು ಮುಂತಾದ ಸ್ಲಾವ್ ಜನರ ಪ್ರಾಚೀನ ವಸಂತೋತ್ಸವಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ರಷ್ಯಾದ ಮಾಸ್ಲೆನಿತ್ಸಾ ಹಬ್ಬದಲ್ಲಿ ಹುಲ್ಲಿನ ಬೊಂಬೆಯನ್ನು ಸುಡುವುದನ್ನು ನಮ್ಮ ಕಾಮದಹನಕ್ಕೆ ಹೋಲಿಸಿ, ಅಲ್ಲಿಯ ಆಚರಣೆ ಇಲ್ಲಿಂದಲೇ ಹೋದದ್ದೆಂದು ಲೇಖಕರು ತೀರ್ಮಾನಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾಮನು ಶಿವನ ಹಣೆಗಣ್ಣಿಗೆ ಸಿಕ್ಕಿ ಬೂದಿಯಾದ ದೇವತೆ; ರಷ್ಯನ್ನರು ಸುಡುವುದು ಚಳಿಗಾಲವನ್ನು. ಬೆಂಕಿಯೊಂದನ್ನು ಬಿಟ್ಟರೆ ಎರಡಕ್ಕೂ ಸಾಮ್ಯ ಕಡಿಮೆ.

ಮಾಸ್ಲೆನಿತ್ಸಾದ ಹೆಸರೇ ಬೆಣ್ಣೆಯಿಂದ ಬಂದದ್ದು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸ ಆರಂಭವಾಗುವ ಹಿಂದಿನ ವಾರ ಮಾಂಸ ನಿಷಿದ್ಧವಾದರೂ ಹಾಲು, ಬೆಣ್ಣೆ, ಮೊಟ್ಟೆಗಳಿಗೆ ಅಡ್ಡಿಯಿಲ್ಲದ ಕಾರಣ, ಮನೆಮನೆಯಲ್ಲೂ ಬ್ಲಿನಿ ಎಂಬ ತೆಳ್ಳನೆಯ ದೋಸೆಗಳನ್ನು ಹುಯ್ದು ಬೆಣ್ಣೆ ಸವರಿ ತಿನ್ನುತ್ತಾರೆ (ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ದುಂಡಗಿನ ಬ್ಲಿನಿ ಸೂರ್ಯನ ಪ್ರತೀಕವೆಂಬ ಮಾತು 19ನೇ ಶತಮಾನದ ವಿದ್ವಾಂಸರಿಂದ ಹಬ್ಬಿದ ಊಹೆ. ಹಳ್ಳಿಗಳಲ್ಲಿ ಮೊದಲ ಬ್ಲಿನಿಯನ್ನು ಗತಿಸಿದ ಹಿರಿಯರ ಹೆಸರಿನಲ್ಲಿ ಎತ್ತಿಡುತ್ತಿದ್ದರೆಂಬುದು ಅದಕ್ಕಿಂತ ಗಟ್ಟಿಯಾದ ಸಂಗತಿ.

ಲೇಖಕರು ಒಂದೇ ಸಾಲಿನಲ್ಲಿ ದಾಟಿಹೋದ ಮೊರಾನಾಳ ಬಗ್ಗೆ ಹೇಳಲೇಬೇಕು. ಜೆಕ್ ಮತ್ತು ಸ್ಲೋವಾಕ್ ಜನರಿಗೆ ಮೊರಾನಾ ಅಥವಾ ಮೊರೇನಾ, ಪೋಲೆಂಡಿನವರಿಗೆ ಮಾರ್ಜಾನ್ನಾ ಆಗಿರುವ ಈಕೆ ಚಳಿಗೂ ಸಾವಿಗೂ ಒಡತಿ. ಹುಲ್ಲಿನಿಂದ ಕಟ್ಟಿ, ಹೆಣ್ಣಿನ ಬಟ್ಟೆ ತೊಡಿಸಿ, ಮಣಿಸರ ಹಾಕಿದ ಬೊಂಬೆಯನ್ನು ಹಾಡುತ್ತಾ ಊರಾಚೆಗೆ ಹೊತ್ತೊಯ್ದು, ಬೆಂಕಿ ಹಚ್ಚಿ ಹೊಳೆಗೆ ಎಸೆಯುತ್ತಾರೆ. ಹಿಂತಿರುಗಿ ನೋಡಿದವರಿಗೆ ಕಾಯಿಲೆ ತಪ್ಪದೆಂಬ ನಂಬಿಕೆಯಿತ್ತು. ಕೆಲವೆಡೆ ಬೊಂಬೆಯನ್ನು ಪಕ್ಕದ ಊರಿನ ಗಡಿಯೊಳಕ್ಕೆ ಹಾಕಿ ಬರಲು ಹೋಗಿ ಹೊಡೆದಾಟಗಳೂ ಆಗುತ್ತಿದ್ದವು. ಮರಳುವಾಗ ಹಸಿರು ಕೊಂಬೆಯನ್ನು ಸಿಂಗರಿಸಿ ಊರೊಳಗೆ ತರುತ್ತಿದ್ದರು. 1420ರಲ್ಲಿ ಪೋಲೆಂಡಿನ ಪೋಜ್ನಾನ್ ನಗರದ ಕ್ರೈಸ್ತ ಧರ್ಮಸಭೆ ಈ ಆಚರಣೆಯನ್ನು ನಿಷೇಧಿಸಲು ಪಾದ್ರಿಗಳಿಗೆ ಸೂಚಿಸಿತ್ತಾದರೂ, ಪೋಲೆಂಡಿನ ಶಾಲಾ ಮಕ್ಕಳು ಮಾರ್ಚ್ 21ರಂದು ಇಂದಿಗೂ ಬೊಂಬೆ ಹೊತ್ತು ಹೊಳೆಯತ್ತ ಹೋಗುತ್ತಾರೆ.

ಮೊರಾನಾಳ ಬಗ್ಗೆ ಓದಿದಾಗ ಚಿತ್ರದುರ್ಗದ ಸೀಮೆಯವನಾದ ನನಗೆ ನೆನಪಾದದ್ದು ಕಾಮಣ್ಣನಲ್ಲ, ಹೋಳಿಗೆಮ್ಮ. ಆಷಾಢದಲ್ಲಿ ಮೊರದೊಳಗೆ ಬೇವಿನ ಸೊಪ್ಪು, ಹೋಳಿಗೆ ಇಟ್ಟು, ಊರಿನ ರೋಗರುಜಿನಗಳೆಲ್ಲ ಅಮ್ಮನ ಜೊತೆಗೇ ಹೋಗಲೆಂದು ಹೆಂಗಸರು ಗಡಿಯಾಚೆ ಇರಿಸಿ ಬರುತ್ತಾರೆ. ನನ್ನ ತಾಯಿಯೂ ಬರುವಾಗ ಹಿಂದಕ್ಕೆ ನೋಡಬಾರದೆಂದು ನಮ್ಮನ್ನು ಗದರಿಸುತ್ತಿದ್ದರು. ಹಾಗೆಂದು ಮೊರಾನಾ ಇಲ್ಲಿಂದ ಹೋದಳೆಂದಾಗಲಿ, ಹೋಳಿಗೆಮ್ಮ ಅಲ್ಲಿಂದ ಬಂದಳೆಂದಾಗಲಿ ನಾನು ವಾದಿಸಲಾರೆ. ಸಾವಿಗೂ ಕಾಯಿಲೆಗೂ ಹೆದರಿದ ಬೇಸಾಯಗಾರರು ಬೇರೆಬೇರೆ ಕಡೆ ಒಂದೇ ದಾರಿಯನ್ನು ಕಂಡುಕೊಂಡಿರಬಹುದು. ಮೊರಾನಾ ಎಂಬ ಹೆಸರಿಗೂ ಸಂಸ್ಕೃತದ ಮರಣಕ್ಕೂ ಮೂಲಧಾತು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುವುದು ನಿಜ, ಆದರೆ ಪದದ ನಂಟು ಹಬ್ಬದ ನಂಟಲ್ಲ.

‘ಐದು ಸಾವಿರ ವರ್ಷಗಳ ಪರಂಪರೆ’ ಎಂಬ ಮಾತನ್ನೂ ಲೇಖಕರು ಕೈಬಿಡಬಹುದಿತ್ತು. 9ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪ್ರಚಾರಕರಾದ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರ ಕಾಲಕ್ಕೆ ಲಿಪಿ ಪಡೆದ ಸ್ಲಾವ್ ಭಾಷೆಗಳಲ್ಲಿ ಅದಕ್ಕೂ ಹಿಂದಿನ ಹಬ್ಬಗಳ ಬರಹವಿಲ್ಲ; ಅವುಗಳನ್ನು ಖಂಡಿಸಿ ಬರೆದ ಪಾದ್ರಿಗಳಿಂದಲೂ, ಬಹಳ ತಡವಾಗಿ ಹಳ್ಳಿಗಳನ್ನು ಸುತ್ತಿದ ಜಾನಪದ ಸಂಗ್ರಾಹಕರಿಂದಲೂ ನಮಗೆ ತಿಳಿದಿರುವುದೇ ಹೆಚ್ಚು.

ಬರುವ ಆಷಾಢದಲ್ಲಿ ಹೋಳಿಗೆಮ್ಮನ ಮೊರ ಯಾವ ಊರಿನಿಂದ ಯಾವ ಊರಿನ ಗಡಿಗೆ ಸಾಗುತ್ತದೆ, ಹೆಂಗಸರು ಏನು ಹಾಡುತ್ತಾರೆ ಎಂಬುದನ್ನು ತಮ್ಮ ಜಿಲ್ಲಾ ವರದಿಗಾರರು ಹಳ್ಳಿಗಳಿಗೆ ಹೋಗಿ ದಾಖಲಿಸಿ, ಅದೇ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಚಿತ್ರದುರ್ಗ