ಯಾವ ವರ್ಷದ ಡಬ್ಬಿ ಅದು, ಪುಟ್ಟಿ?

ಮೈಸೂರು

ಚಿ. ಸಿಂಚನಾಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀನು ಕಳಿಸಿದ ಗೂಡ್ಸ್ ರೈಲಿನ ಡಬ್ಬಿಯ ಫೋಟೋ, ಡ್ರಾಯಿಂಗ್ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ನೋಡಿದೆ. ಫೋನಿನಲ್ಲಿ ನೋಡಿ ಹೇಳುವ ಕೆಲಸ ಅಲ್ಲ ಅದು.

ಡ್ರಾಯಿಂಗಿನಲ್ಲಿ ಬರೀ ಕೈಬ್ರೇಕು ಇದೆ, ಫೋಟೋದಲ್ಲಿ ತುದಿಗೆ, ಇಂಜಿನ್ನಿನಿಂದಲೇ ಬ್ರೇಕ್ ಹಾಕುವುದಕ್ಕೆ ಇರುವ ವ್ಯಾಕ್ಯೂಮ್ ಪೈಪು ನೇತಾಡುತ್ತಿದೆ, ಯಾವುದು ಸರಿ ದೊಡ್ಡಪ್ಪಾ ಅಂತ ಕೇಳಿದ್ದೀಯ. ಎರಡೂ ಸರಿ ಇರಬಹುದು. ನಾನು ಕೇಳುವುದು ಬೇರೆ. ಮಂಡ್ಯ ಸ್ಟೇಷನ್ನಿನ ಗೂಡ್ಸ್ ಸೈಡಿಂಗಿನಲ್ಲಿ ನಿಂತ ಡಬ್ಬಿಯ ಮಾಡೆಲ್ ಮಾಡುತ್ತೇನೆ ಅಂದೆಯಲ್ಲ, ಯಾವ ವರ್ಷದ ಡಬ್ಬಿ ಅದು? ಇಷ್ಟುದ್ದ ಬರೆದಿದ್ದೀಯ, ಅದೊಂದನ್ನು ಮಾತ್ರ ಎಲ್ಲೂ ಬರೆದಿಲ್ಲ.

ಗೂಡ್ಸ್ ಡಬ್ಬಿ ಕಟ್ಟಿದ ದಿನ ಇದ್ದ ಹಾಗೆ ಕೊನೆವರೆಗೂ ಇರುವುದಿಲ್ಲ. ವರ್ಕ್‌ಶಾಪಿಗೆ ಬಂದಾಗಲೆಲ್ಲ ಏನಾದರೂ ಬದಲಾಗುತ್ತದೆ. ಹಲಗೆ ಹೋಗಿ ತಗಡು ಬರುತ್ತದೆ. ಸ್ಪೋಕ್ ಚಕ್ರ ಹೋಗಿ ತಟ್ಟೆ ಚಕ್ರ ಬರುತ್ತದೆ. ಕಟ್ಟುವುದಕ್ಕೆ ಮುಂಚೆ ಆಫೀಸಿನವರು ಅಂದುಕೊಂಡದ್ದು ಡ್ರಾಯಿಂಗು. ಫೋಟೋದಲ್ಲಿ ಇರುವುದು ಒಂದೇ ಡಬ್ಬಿ, ಒಂದೇ ದಿನ, ಅದೂ ಒಂದೇ ಮಗ್ಗುಲು. ಜಾತಕ ಒಂದು ಕೈಯಲ್ಲಿ, ಮದುವೆ ಫೋಟೋ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮನುಷ್ಯ ಹೇಗೆ ಬಾಳಿದ ಅಂತ ಹೇಳುವುದಕ್ಕೆ ಆಗುತ್ತದೆಯೇ? ನಡುವೆ ನಡೆದದ್ದನ್ನು ಹುಡುಕಬೇಕು.

ಮೊದಲು ಡ್ರಾಯಿಂಗ್ ವಿಷಯ ಹೇಳುತ್ತೇನೆ. ಡ್ರಾಯಿಂಗ್ ಆಫೀಸಿನಲ್ಲೇ ಕೂತು ರಿಟೈರ್ ಆದವನು, ಸ್ವಲ್ಪ ಜಾಸ್ತಿ ಆದರೂ ಓದಿಕೋ.

ಡ್ರಾಯಿಂಗ್ ಕೈಗೆ ಬಂದ ಕೂಡಲೇ ಡಬ್ಬಿಯ ಚಿತ್ರ ನೋಡಬೇಡ. ಕೆಳಗೆ ಬಲಮೂಲೆ ನೋಡು. ನಂಬರ್, ತಾರೀಖು, ಸ್ಕೇಲು ಅಲ್ಲಿರುತ್ತವೆ. ಪಕ್ಕದಲ್ಲೇ ಎ, ಬಿ, ಸಿ ಅಂತ ತಿದ್ದುಪಡಿಗಳ ಪಟ್ಟಿ, ಒಂದೊಂದಕ್ಕೂ ತಾರೀಖು, ಚಿಕ್ಕ ಸಹಿ. ಡಬ್ಬಿ ಹೇಗೆ ಬದಲಾಯಿತು ಅನ್ನುವುದು ಅರ್ಧ ಅಲ್ಲೇ ಇರುತ್ತದೆ. ನೀನು ಕಳಿಸಿದ ಕಾಪಿಯಲ್ಲಿ ಆ ಮೂಲೆಯೇ ಕತ್ತರಿಸಿ ಹೋಗಿದೆ! ಯಾರು ಕೊಟ್ಟರೋ ಅವರನ್ನೇ ಕೇಳಿ ಪೂರ್ತಿ ಹಾಳೆ ತರಿಸಿಕೋ. ಮೂಲೆ ಇಲ್ಲದ ಡ್ರಾಯಿಂಗಿಗೆ ವರ್ಷ ಇಲ್ಲ.

ಇನ್ನೊಂದು. ಮಧ್ಯದ ಗೆರೆಯಿಂದ ಎಡಗಡೆ ಹೊರಮೈ ಇದೆ, ಬಲಗಡೆ ಒಳಗಿನ ಕಂಬ, ಪಟ್ಟಿ ಎಲ್ಲ ಕಾಣುತ್ತಿದೆ. ಡಬ್ಬಿಯ ಎರಡು ಅರ್ಧ ಬೇರೆ ಬೇರೆ ಅಂತ ತಿಳಿದುಕೊಂಡಿದ್ದೀಯ. ಹಾಗಲ್ಲ. ಜಾಗ ಉಳಿಸುವುದಕ್ಕೆ ಅರ್ಧ ಹೊರಗಿನ ನೋಟ, ಅರ್ಧ ಕೊಯ್ದ ನೋಟ ಒಂದೇ ಚಿತ್ರದಲ್ಲಿ ಬರೆಯುವುದು ಹಳೇ ಪದ್ಧತಿ.

ಅಳತೆಯನ್ನು ಸ್ಕೇಲ್ ಇಟ್ಟು ತೆಗೆಯಬೇಡ, ಬರೆದಿರುವ ಅಂಕಿಯನ್ನೇ ಓದು. ಬ್ಲೂಪ್ರಿಂಟ್ ಅಂದರೆ ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದು, ಒಣಗಿಸಿದ ಕಾಗದ. ನೆನೆದು ಒಣಗಿದ ಕಾಗದ ಕುಗ್ಗುತ್ತದೆ, ಅದೂ ಉದ್ದಕ್ಕೊಂದು ಥರ, ಅಗಲಕ್ಕೊಂದು ಥರ. ಒಂದಡಿಗೆ ಒಂದೂವರೆ ಇಂಚು ಅಂತ ಬರೆದಿದ್ದರೆ ಎಂಟರಲ್ಲೊಂದು ಪಾಲು ಅಂತ ಅರ್ಥ, ಆದರೆ ನಿನ್ನ ಕೈಲಿರುವ ಜೆರಾಕ್ಸು ಆ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲೋ ಒಂದು ಕಡೆ ಅಂಕಿ ಬರೆದೇ ಇಲ್ಲ, ಅಳೆಯಲೇಬೇಕು ಅಂದರೆ, ಅದೇ ದಿಕ್ಕಿನಲ್ಲಿ ಅಂಕಿ ಇರುವ ಇನ್ನೊಂದು ಅಳತೆ ಹಿಡಿದು ಲೆಕ್ಕ ಹಾಕು.

ಮೂಲ ಬ್ಲೂಪ್ರಿಂಟ್ ನೋಡುವ ಅವಕಾಶ ಸಿಕ್ಕರೆ ಬಿಡಬೇಡ. ನೀಲಿ ಮೇಲೆ ಕೆಲವು ಬಿಳಿ ಗೆರೆಗಳು ಒಂಚೂರು ದಪ್ಪವಾಗಿ, ಅಂಚು ಹರಡಿದ ಹಾಗೆ ಕಾಣುತ್ತವೆ. ಅವು ಪ್ರಿಂಟಿನಲ್ಲಿ ಬಂದ ಗೆರೆಗಳಲ್ಲ. ಆಮೇಲೆ ಯಾರೋ ವಾಷಿಂಗ್ ಸೋಡಾ ನೀರಿನಲ್ಲಿ ಪೆನ್ನು ಅದ್ದಿ ತಿದ್ದಿದ್ದು. ಸೋಡಾ ಆ ನೀಲಿಯನ್ನು ತಿಂದುಹಾಕುತ್ತದೆ. ಕೆಲಸ ನಡೆಯುವ ಜಾಗದಲ್ಲಿ ನಿಂತು ಮಾಡಿದ ಬದಲಾವಣೆ ಹಾಗೆ ಉಳಿದಿರುತ್ತದೆ. ಸ್ಕ್ಯಾನ್ ಮಾಡಿ ಕಪ್ಪು ಬಿಳುಪು ಮಾಡಿದರೆ ಎಲ್ಲ ಗೆರೆಯೂ ಒಂದೇ. ಅದಕ್ಕೇ ಮೂಲ ನೋಡು ಅನ್ನುವುದು.

ಈಗ ನಿನ್ನ ಫೋಟೋಗೆ ಬರೋಣ. ಭೂತಗನ್ನಡಿ ಇಟ್ಟು ನೋಡಿದೆ. ಡಬ್ಬಿಯ ತುದಿಯಲ್ಲಿ, ಡಬ್ಬಿಗೆ ಡಬ್ಬಿ ತಾಗಿದಾಗ ಪೆಟ್ಟು ತಡೆಯುವ ಬಫರ್ ಒಂದೇ, ಅದೂ ನಡುಮಧ್ಯೆ. ಎರಡು ಕಡೆ ಎರಡು ಬಫರ್ ಇದ್ದಿದ್ದರೆ ಅದು ಅಗಲ ಹಳಿಯ ಬ್ರಾಡ್ ಗೇಜ್ ಡಬ್ಬಿ, ಮಂಡ್ಯಕ್ಕೆ ಬರುವ ಹಾಗೇ ಇರಲಿಲ್ಲ. ನಮ್ಮ ಹಳಿ 1882ರಲ್ಲಿ ಮೈಸೂರು ಮುಟ್ಟಿದಾಗಿನಿಂದ 1990ರ ದಶಕದವರೆಗೆ ಒಂದು ಮೀಟರ್ ಅಗಲದ ಮೀಟರ್ ಗೇಜೇ ಅಲ್ವಾ. ಮದ್ರಾಸಿನ ಹಳಿ ಬ್ರಾಡ್ ಗೇಜು, ಮಂಡ್ಯದ ಬೆಲ್ಲ ಅಲ್ಲಿಗೆ ಹೋಗಬೇಕು ಅಂದರೆ ಬೆಂಗಳೂರಿನಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ ಬ್ರಾಡ್ ಗೇಜ್ ಡ್ರಾಯಿಂಗುಗಳು ಎಷ್ಟೇ ಚೆನ್ನಾಗಿರಲಿ, ಈ ಮಾಡೆಲ್‌ಗೆ ಬೇಡ.

ಆಮೇಲೆ ಆ ವ್ಯಾಕ್ಯೂಮ್ ಪೈಪು. ಪೈಪು ಕಂಡ ತಕ್ಷಣ ಬ್ರೇಕ್ ಇದೆ ಅಂತ ಬರೆದುಬಿಟ್ಟಿದ್ದೀಯ. ಬರೀ ಪೈಪು ಹಾಯಿಸಿದ ಡಬ್ಬಿಗಳೂ ಇರುತ್ತಿದ್ದವು. ಹಿಂದಿನ ಡಬ್ಬಿಗೆ ವ್ಯಾಕ್ಯೂಮ್ ಮುಟ್ಟಿಸುವುದಷ್ಟೇ ಅವುಗಳ ಕೆಲಸ, ತಮಗೇ ಬ್ರೇಕ್ ಇಲ್ಲ. ಬ್ರೇಕ್ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಅಡಿಯಲ್ಲಿ ಸಿಲಿಂಡರ್ ಹುಡುಕು. ನಿನ್ನ ಫೋಟೋದಲ್ಲಿ ಆ ಜಾಗ ಪೂರ್ತಿ ನೆರಳು. ಸ್ಕ್ಯಾನ್ ಮಾಡಿದ್ದನ್ನು ಕಂಪ್ಯೂಟರಿನಲ್ಲಿ ಬೆಳಕು ಏರಿಸಿ ನೋಡು. ಆಗಲೂ ಕಾಣದಿದ್ದರೆ ಕಂಡಿಲ್ಲ ಅಂತಲೇ ಬರೆ.

ಫೋಟೋದಿಂದ ಅಳತೆ ತೆಗೆಯುವುದು ಹೇಗೆ ಅಂತ ಕೇಳಿದ್ದೀಯ. ನೇರವಾಗಿ ಪಕ್ಕದಿಂದ ತೆಗೆದ ಫೋಟೋ ಬೇಕು, ಓರೆಯಾಗಿದ್ದರೆ ಬಿಟ್ಟುಬಿಡು. ಡ್ರಾಯಿಂಗಿನಲ್ಲಿ ಡಬ್ಬಿಯ ಉದ್ದ 18 ಅಡಿ ಅಂತಿದೆ, ಪ್ರಿಂಟಿನಲ್ಲಿ ಅದು 9 ಇಂಚು ಬಂತು ಅಂದುಕೋ. ಇಂಚಿಗೆ ಎರಡಡಿ ಆಯಿತು. ಬಾಗಿಲು ಎರಡೂವರೆ ಇಂಚು ಇದ್ದರೆ ಐದಡಿ. ಇದು ಡಬ್ಬಿಯ ಮೈಗೆ ಮಾತ್ರ. ಚಕ್ರ, ಅಡಿಯಲ್ಲಿರುವ ಉದ್ದ ತೊಲೆ ಸೋಲ್‌ಬಾರ್ ಎಲ್ಲ ಇನ್ನೂ ಒಳಗಡೆ ಇರುತ್ತವೆ, ಕ್ಯಾಮೆರಾದಿಂದ ದೂರ, ಅದಕ್ಕೇ ಚಿಕ್ಕದಾಗಿ ಕಾಣುತ್ತವೆ. ಅವಕ್ಕೆ ಇದೇ ಲೆಕ್ಕ ಹಾಕಿದರೆ ತಪ್ಪುತ್ತದೆ.

ಬಣ್ಣದ ವಿಷಯದಲ್ಲಿ ಹಳೇ ಕಪ್ಪು ಬಿಳುಪು ಫೋಟೋ ನಂಬಲೇಬೇಡ. ಆಗಿನ ಎಷ್ಟೋ ಫೋಟೋ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ಹಚ್ಚಿದ ಡಬ್ಬಿ ಕಪ್ಪಾಗಿ ಬರುತ್ತದೆ, ನೀಲಿ ಹಚ್ಚಿದ್ದು ಬೆಳ್ಳಗೆ ಬರುತ್ತದೆ. ಕಟ್ಟಿದ ಕಂಪನಿಯವರೇ ತೆಗೆಸಿದ ಫೋಟೋ ಇನ್ನೂ ಮೋಸ. ರಿವೆಟ್ಟೆಲ್ಲ ಚೆನ್ನಾಗಿ ಕಾಣಲಿ ಅಂತ ಫೋಟೋಗೋಸ್ಕರವೇ ತಿಳಿ ಬೂದು ಬಣ್ಣ ಬಳಿಯುತ್ತಿದ್ದದ್ದೂ ಉಂಟು. ನೆಗೆಟಿವ್ ತಿರುಗಾಮುರುಗಾ ಇಟ್ಟು ಪ್ರಿಂಟ್ ಹಾಕಿದ್ದಾರಾ ಅಂತಲೂ ನೋಡಿಕೋ. ಅಕ್ಷರ ಓದುವುದಕ್ಕೆ ಬಂದರೆ ಸರಿ.

ಅಕ್ಷರ ಅಂದೆನಲ್ಲ, ವರ್ಷ ಹಿಡಿಯುವುದು ಅಲ್ಲೇ. ಡಬ್ಬಿಯ ಮೇಲೆ ಯಾವ ರೈಲ್ವೆಯ ಹೆಸರಿದೆ ನೋಡು. ನಮ್ಮ ಲೈನು 1886ರಲ್ಲಿ ಸದರ್ನ್ ಮರಾಠಾ ಕಂಪನಿ ಕೈಗೆ ಹೋಯಿತು. 1919ರಲ್ಲಿ ಮೈಸೂರು ಸರ್ಕಾರ ವಾಪಸ್ ತೆಗೆದುಕೊಂಡಿತು. 1951ರಲ್ಲಿ ಸದರ್ನ್ ರೈಲ್ವೆ ಆಯಿತು. ಆದರೆ ಕಾಗದದ ಮೇಲೆ ರೈಲ್ವೆ ಬದಲಾದ ದಿನವೇ ಡಬ್ಬಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಮುಂದಿನ ಸಲ ವರ್ಕ್‌ಶಾಪಿಗೆ ಬರುವವರೆಗೂ ಹಳೇ ಹೆಸರಲ್ಲೇ ಓಡುತ್ತದೆ. ಬೇರೆ ರೈಲ್ವೆಯ ಹೆಸರು ಕಂಡರೂ ಗಾಬರಿಯಾಗಬೇಡ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೂ ಮೀಟರ್ ಗೇಜೇ ಇತ್ತು, ಎಲ್ಲಿಯ ಡಬ್ಬಿ ಎಲ್ಲಿಗಾದರೂ ಬರುತ್ತಿತ್ತು. ತೂಕವನ್ನು ಟನ್, ಹಂಡ್ರೆಡ್‌ವೇಟ್‌ನಲ್ಲಿ ಬರೆದಿದ್ದರೆ ಮೆಟ್ರಿಕ್ ಬರುವುದಕ್ಕೆ ಮುಂಚಿನ ಬರಹ. ಮೆಟ್ರಿಕ್ ಕಾಯ್ದೆ 1956ರದ್ದು. ಇನ್ನು ಸಕ್ಕರೆ ಮೂಟೆ. ಫೋಟೋದ ಹಿಂದೆ ಯಾರೋ 1925 ಅಂತ ಬರೆದಿದ್ದಾರೆ ಅಂದೆ, ಮುಂದೆ ನೋಡಿದರೆ ಮಂಡ್ಯ ಫ್ಯಾಕ್ಟರಿಯ ಸಕ್ಕರೆ ಮೂಟೆ ಏರಿಸುತ್ತಿದ್ದಾರೆ. ಮೈಷುಗರ್ ಕಂಪನಿ ಶುರುವಾದದ್ದೇ 1933ರಲ್ಲಿ. ಹಿಂದೆ ಬರೆದದ್ದನ್ನು ಎಷ್ಟು ನಂಬಬೇಕು ಅನ್ನುವುದು ನಿನಗೇ ಗೊತ್ತಾಗಲಿಲ್ಲವಾ?

ನೀನು ಅಮೆರಿಕದ ಬಾಕ್ಸ್‌ಕಾರ್‌ಗಳ, ಅಂದರೆ ಅಲ್ಲಿನ ಮುಚ್ಚಿದ ಗೂಡ್ಸ್ ಡಬ್ಬಿಗಳ ಬಗ್ಗೆ ಜಾಸ್ತಿ ಓದುತ್ತೀಯ ಅಂತ ನಿಮ್ಮಪ್ಪ ಬೈಯುತ್ತಿದ್ದ. ಓದಲಿ ಬಿಡು ಅಂದೆ. ಡಬ್ಬಿ ನೋಡಿ ವರ್ಷ ಹೇಳುವುದನ್ನು ಅಲ್ಲಿನವರಿಂದ ಕಲಿಯಬೇಕು. ಕಟ್ಟಿದ ತಿಂಗಳು, ವರ್ಷವನ್ನು ಡಬ್ಬಿಯ ಮೇಲೇ ಬರೆಯುತ್ತಿದ್ದರು. ಅದು ಕಾಣದಿದ್ದರೂ ಅಡಿಯಲ್ಲಿರುವ ಬ್ರೇಕ್ ನೋಡಿ ಹೇಳುತ್ತಾರೆ. ಸಿಲಿಂಡರು, ಗಾಳಿ ಟ್ಯಾಂಕು, ವಾಲ್ವು ಮೂರೂ ಒಂದೇ ಗಂಟಾಗಿ ಕೂತಿದ್ದರೆ ಹಳೇ ಕೆ ಬ್ರೇಕು. ಮೂರೂ ಬೇರೆ ಬೇರೆ ಕಡೆ ಇದ್ದರೆ 1933ರ ಸುಮಾರಿಗೆ ಬಂದ ಎಬಿ ಬ್ರೇಕು. ಜಾಕ್ ಡೆಲಾನೊ ಅನ್ನುವ ಫೋಟೋಗ್ರಾಫರ್ 1942–43ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಶಿಕಾಗೊ ಯಾರ್ಡುಗಳ ಕಲರ್ ಫೋಟೋ ತೆಗೆದ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ದುಡ್ಡು ಕೊಡದೆ ನೋಡಬಹುದು. ಯುದ್ಧದ ಕಾಲದ ಡಬ್ಬಿಗಳ ಮೇಲೆ ಧೂಳು, ಮಸಿ ಹೇಗೆ ಕೂತಿತ್ತು ಅಂತ ನೋಡು. ಒಂದೇ ಎಚ್ಚರಿಕೆ: ಅವರ ಡ್ರಾಯಿಂಗಿನಲ್ಲಿ ಬಲ ತುದಿಯಿಂದ ನೋಡಿದ ಚಿತ್ರ ಬಲಕ್ಕೇ ಇರುತ್ತದೆ. ನಾವು ಕಲಿತ ಬ್ರಿಟಿಷ್ ಪದ್ಧತಿಯಲ್ಲಿ ಅದನ್ನು ಎಡಕ್ಕೆ ಬರೆಯುತ್ತಿದ್ದೆವು. ಇದು ಮರೆತರೆ ಕೈಬ್ರೇಕು ತಿರುಗಿಸುವ ಚಕ್ರ ಆಚೆ ತುದಿಗೆ ಹೋಗಿ ಕೂರುತ್ತದೆ.

ಹೊಸ ಫೋಟೋ ಹುಡುಕುವಾಗ ವ್ಯಾಗನ್ ಅಂತ ಹುಡುಕಬೇಡ. ಗೂಡ್ಸ್ ಡಬ್ಬಿಗೆ ಕ್ಯಾಮೆರಾ ಹಿಡಿದವರು ಯಾರು? ಎಲ್ಲರೂ ಇಂಜಿನ್ ತೆಗೆದರು, ಮಹಾರಾಜರು ಬಂದದ್ದನ್ನು ತೆಗೆದರು. ಅವರ ಹಿಂದೆ, ಫೋಟೋದ ಅಂಚಿನಲ್ಲಿ ಅರ್ಧ ಡಬ್ಬಿ ಸಿಕ್ಕಿಕೊಂಡಿರುತ್ತದೆ. ನಿಮ್ಮೂರಿನ ಬೆಲ್ಲದ ಮಂಡಿಯವರ ಮನೆಗಳಲ್ಲಿ ಕೇಳು. ಯಾರಾದರೂ ಫೋಟೋ ತೋರಿಸಿದರೆ ಅಲ್ಲೇ ಕೂತು ಕಾಪಿ ತೆಗೆದುಕೊಂಡು ವಾಪಸ್ ಕೊಡು, ಹಿಂಭಾಗದ್ದೂ ಕಾಪಿ ಇರಲಿ. ಲ್ಯಾಮಿನೇಷನ್ ಮಾಡಿಸಬೇಡಿ ಅಂತ ಅವರಿಗೂ ಹೇಳು. ಎಷ್ಟು ಒಳ್ಳೇ ಫೋಟೋಗಳು ಆ ಪ್ಲಾಸ್ಟಿಕ್ಕಿನಲ್ಲಿ ಹಾಳಾದವೋ!

ಮೈಸೂರಿಗೆ ಬಂದಾಗ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಒಂದು ಟೇಪ್ ಹಿಡಿದುಕೊಂಡು ಹೋಗೋಣ. ಮಹಾರಾಣಿಯವರ ಸಲೂನು ಬೋಗಿ ಆಮೇಲೆ ನೋಡುವೆಯಂತೆ. ಮೊದಲು ಮೀಟರ್ ಗೇಜ್ ಗಾಡಿಗಳ ನಡುಬಫರು, ಕೊಕ್ಕೆ, ಪಟ್ಟಿ ಸ್ಪ್ರಿಂಗು ನೋಡಬೇಕು. ಅಳೆಯುವುದಕ್ಕೆ ಮುಂಚೆ ಅಲ್ಲಿಯವರನ್ನು ಕೇಳೋಣ. ಪತ್ರಾಗಾರ ಇಲಾಖೆಯ ಮೈಸೂರು ಕಚೇರಿಯಲ್ಲೂ ವಿಚಾರಿಸೋಣ. ಸಂಸ್ಥಾನದ ಆಡಳಿತ ವರದಿಗಳಲ್ಲಿ ರೈಲ್ವೆಗೆ ಅಂತ ಒಂದು ಭಾಗ ಇರುತ್ತಿತ್ತು. ಓದುವುದಕ್ಕೆ ಬೇಜಾರು, ಓದಬೇಕು ಅಷ್ಟೇ.

ಅಶೋಕಪುರಂ ಕಡೆ ನನ್ನ ಜೊತೆ ಕೆಲಸ ಮಾಡಿದವರು ಕೆಲವರು ಇನ್ನೂ ಇದ್ದಾರೆ. ಅವರನ್ನು ಯಾವ ಇಸವಿ ಅಂತ ಕೇಳಬೇಡ, ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ. ಫೋಟೋ ಮುಂದಿಟ್ಟು, ಈ ಲಿವರ್ ಹೇಗೆ ಒತ್ತುತ್ತಿದ್ದಿರಿ, ಈ ಚಿಲಕ ಯಾವ ಕಡೆ ಏಳುತ್ತಿತ್ತು ಅಂತ ಕೇಳು. ಕೈ ತಾನಾಗಿಯೇ ತೋರಿಸುತ್ತದೆ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರು. ಕಾಫಿ ಕುಡಿದು ತಕ್ಷಣ ಎದ್ದುಬರಬೇಡ.

ನಿಮ್ಮಪ್ಪ ಇದೆಲ್ಲ ಸುಮ್ನೆ ಕಾಲಹರಣ ಅನ್ನುತ್ತಾನೆ. ವಾದ ಮಾಡಬೇಡ. ಪರೀಕ್ಷೆ ಮುಗಿಯುವವರೆಗೆ ಡ್ರಾಯಿಂಗ್ ಬೀರುವಿನಲ್ಲಿಡು. ಅಷ್ಟು ವರ್ಷ ಕಾದದ್ದು ಇನ್ನೆರಡು ತಿಂಗಳು ಕಾಯುತ್ತದೆ.

ಕೊನೆಗೆ ನಂಬರಿನ ವಿಷಯ. ಮಾಡೆಲ್ ಮೇಲೆ ಬರೆಯುವುದಕ್ಕೆ ಒಂದು ನಂಬರ್ ಕೊಡಿ ಅಂತ ಕೇಳಿದ್ದೀಯ. ಕೊಡುವುದಿಲ್ಲ. ಫೋಟೋದಲ್ಲಿ ಮೊದಲ ಎರಡು ಅಂಕಿ ಕಾಣುತ್ತವೆ, ಉಳಿದದ್ದರ ಮುಂದೆ ಮೂಟೆ ಹೊತ್ತವನು ನಿಂತಿದ್ದಾನೆ. ಆ ಎರಡು ಅಂಕಿ ಬರೆ. ಉಳಿದ ಜಾಗದ ಮುಂದೆ ನೀನೂ ಒಬ್ಬ ಮೂಟೆ ಹೊತ್ತವನನ್ನು ನಿಲ್ಲಿಸು.

ಅಪ್ಪ ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ಇತಿ ನಿನ್ನ
ದೊಡ್ಡಪ್ಪ