ಫಾರ್ಮ್ಯಾಟ್ ಹೊಡೆಯೋಕ್ ಮುಂಚೆ ಲಾಗ್ ನೋಡ್ರಪ್ಪ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ತಂತ್ರಜ್ಞಾನ ಪುಟದಲ್ಲಿ ವಾರವಾರ ಹೊಸ ಫೋನು, ಎಐ ಅಂತ ಚೆನ್ನಾಗೇ ಬರ್ತಿದೆ, ಬೇಡ ಅನ್ನಲ್ಲ. ಆದ್ರೆ ನಮ್ಮಂಥ ಊರಲ್ಲಿ ಡಿಟಿಪಿ, ಮದುವೆ ಆಲ್ಬಮ್ಮು, ವಿಡಿಯೋ ಎಡಿಟಿಂಗು, ಆಟೋಕ್ಯಾಡ್ ಪ್ಲಾನು ಅಂತ ಕಂಪ್ಯೂಟರ್ ಮುಂದೆ ಕೂತೇ ಹೊಟ್ಟೆ ಹೊರೆಯೋರ ತಲೆನೋವು ಬೇರೆನೇ ಇದೆ. ಲಕ್ಷಗಟ್ಟಲೆ ಸುರಿದು ಅಸೆಂಬಲ್ ಮಾಡಿಸಿರೋ ಸಿಸ್ಟಮ್ಮು ಒಂದಿನ ರೆಂಡರ್ (ಎಡಿಟ್ ಮಾಡಿದ್ದನ್ನ ಪೂರ್ತಿ ವಿಡಿಯೋ ಮಾಡಿ ತೆಗೆಯೋದು) ಹಾಕ್ದಾಗ, ಇನ್ನೊಂದಿನ ಏನೂ ಮಾಡ್ದೆ ಸುಮ್ನಿದ್ದಾಗ ಫಟ್ ಅಂತ ರೀಸ್ಟಾರ್ಟ್ ಆಗುತ್ತೆ. ಅಂಗಡಿಗೆ ಹೊತ್ಕೊಂಡು ಹೋದ್ರೆ ಎಲ್ಲೆಡೆ ಒಂದೇ ಮಾತು, "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು."

ಫಾರ್ಮ್ಯಾಟ್ ಅಂದ್ರೆ ಏನ್ ಹೋಗುತ್ತೆ ಅಂತ ಡಿಟಿಪಿಯೋರಿಗೆ ಗೊತ್ತು. ಪೇಜ್‌ಮೇಕರ್ ಹೋಯ್ತು, ನುಡಿ ಹೋಯ್ತು, ಹಳೇ ಫಾಂಟ್‌ಗಳೆಲ್ಲ ಹೋದ್ವು, ಆಮೇಲೆ ಹಳೇ ಲಗ್ನಪತ್ರಿಕೆ ಫೈಲ್ ತೆಗೆದ್ರೆ ಕನ್ನಡದ ಜಾಗದಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದಾದ್ರೂ ಹೋಗ್ಲಿ, ಮತ್ತೆ ಹಾಕ್ಕೊಬೋದು. ಆದ್ರೆ ಸಿಸ್ಟಮ್ಮು ಯಾಕೆ ಬಿತ್ತು ಅನ್ನೋದಕ್ಕಿದ್ದ ಸಾಕ್ಷಿನೂ ಅದರ ಜೊತೆಗೇ ಅಳಿಸಿಹೋಗುತ್ತಲ್ಲ, ಅದಕ್ಕೇನ್ ಮಾಡೋದು?

ವಿಂಡೋಸು ಇದನ್ನೆಲ್ಲ ತಾನೇ ಬರೆದಿಟ್ಕೊಂಡಿರುತ್ತೆ, ಅದಕ್ಕೇ ಲಾಗ್ ಅನ್ನೋದು. ರಿಲಯಬಿಲಿಟಿ ಮಾನಿಟರ್ ಅಂತ ಸರ್ಚಲ್ಲಿ ಟೈಪ್ ಮಾಡಿದ್ರೆ ಯಾವ ದಿನ ಏನ್ ಬಿತ್ತು ಅಂತ ತಾರೀಖಿನ ಪ್ರಕಾರ ತೋರ್ಸುತ್ತೆ. ಇವೆಂಟ್ ವ್ಯೂವರ್ ಅಂತಿನ್ನೊಂದಿದೆ, ನೀಲಿ ಸ್ಕ್ರೀನ್ ಬಂದಿದ್ರೆ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಆ ಕ್ಷಣದ ವಿವರ ಇರೋ ಫೈಲೂ ಇರುತ್ತೆ. ಇವೆಂಟ್ ವ್ಯೂವರಲ್ಲಿ ಕರ್ನಲ್ ಪವರ್ 41 ಅಂತ ಕೆಂಪು ಗುರುತಿನ ಜೊತೆ ಕಂಡ ತಕ್ಷಣ ಕೆಲವರು ಪವರ್ ಸಪ್ಲೈ ಹೋಗಿದೆ ಅಂತ ತೀರ್ಪು ಕೊಟ್ಬಿಡ್ತಾರೆ, ಅದು ತಪ್ಪು, ಸಿಸ್ಟಮ್ಮು ಸರಿಯಾಗಿ ಶಟ್‌ಡೌನ್ ಆಗ್ದೆ ಮತ್ತೆ ಆನ್ ಆಯ್ತು ಅಂತಷ್ಟೇ ಅದರರ್ಥ. ಅದರ ಒಳಗೆ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನಿನ ಎರರ್ ನಂಬರು) ಅಂತಿರುತ್ತೆ ನೋಡಿ, ಅಲ್ಲಿ ಸೊನ್ನೆ ಇದ್ರೆ ವಿಂಡೋಸಿಗೆ ಎರರ್ ಬರೆಯೋಕೂ ಟೈಮ್ ಸಿಕ್ಕಿಲ್ಲ, ಅಂದ್ರೆ ಹೆಚ್ಚಾಗಿ ಕರೆಂಟೇ ಕಟ್ಟಾಗಿದೆ ಇಲ್ಲಾ ಸಿಸ್ಟಮ್ಮು ಪೂರ್ತಿ ಕಲ್ಲಾಗಿ ನಿಂತಿದೆ. ಡಬ್ಲ್ಯುಎಚ್‌ಇಎ ಲಾಗರ್ ಅಂತ ಎಂಟ್ರಿ ಇದ್ರೆ ಹಾರ್ಡ್‌ವೇರೇ ಕಂಪ್ಲೇಂಟ್ ಹೇಳ್ತಿದೆ ಅಂತ. ಇಷ್ಟು ನೋಡೋಕೆ ಹತ್ತು ನಿಮಿಷ ಸಾಕು, ಆದ್ರೂ ಯಾರೂ ನೋಡಲ್ಲ.

ನಮ್ಮ ಕಡೆ ಇನ್ನೊಂದು ವಿಷಯ ಯಾರ ಗಮನಕ್ಕೂ ಬರಲ್ಲ, ಇನ್ವರ್ಟರ್ರು. ಮನೆ ಇನ್ವರ್ಟರಿಗೇ ಎಡಿಟಿಂಗ್ ಸಿಸ್ಟಮ್ ಕೊಟ್ಟಿರ್ತಾರೆ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋಕೆ ಅದಕ್ಕೆ ಒಂದಿಷ್ಟು ಮಿಲಿಸೆಕೆಂಡ್ ಬೇಕು, ಕಂಪ್ಯೂಟರಿನ ಪವರ್ ಸಪ್ಲೈ ಫುಲ್ ಲೋಡಲ್ಲಿ ತಡ್ಕೊಳ್ಳೋದು ಹೆಚ್ಚುಕಮ್ಮಿ 16 ಮಿಲಿಸೆಕೆಂಡು. ಎಷ್ಟೋ ಇನ್ವರ್ಟರಲ್ಲಿ ಯುಪಿಎಸ್ ಮೋಡು, ನಾರ್ಮಲ್ ಮೋಡು ಅಂತ ಸ್ವಿಚ್ ಇರುತ್ತೆ, ನಾರ್ಮಲಲ್ಲಿದ್ರೆ ಬದಲಾಗೋದು ನಿಧಾನ. ಸಿಸ್ಟಮ್ ಖಾಲಿ ಕೂತಿದ್ದಾಗ ತಡ್ಕೊಳ್ಳುತ್ತೆ, ರೆಂಡರ್ ನಡೀತಿದ್ದಾಗ ಗ್ರಾಫಿಕ್ಸ್ ಕಾರ್ಡು ಕರೆಂಟ್ ಎಳೀತಿರುತ್ತೆ, ಅವಾಗ ತಡ್ಕೊಳ್ಳಲ್ಲ. ಲೈಟು ಮಿಣುಕಿದ್ದೂ ನಮಗೆ ಕಾಣಲ್ಲ, ಫ್ಯಾನು ತಿರುಗ್ತಾನೇ ಇರುತ್ತೆ, ಸಾಫ್ಟ್‌ವೇರೇ ಸರಿ ಇಲ್ಲ ಅನ್ಕೋತೀವಿ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನೋ ಮನೆಗಳಲ್ಲಂತೂ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಅರ್ತಿಂಗ್ ನೋಡಿಸ್ಬೇಕು, ಕಂಪ್ಯೂಟರ್ ಹುಡುಗ ಆಮೇಲೆ ಬಂದ್ರಾಯ್ತು.

ರ‍್ಯಾಮ್ ವಿಷಯನೂ ಇಂಥದ್ದೇ. ಡಬ್ಬಿ ಮೇಲೆ 6000 ಅಂತ ಬರೆದಿರುತ್ತೆ, ಆ ಸ್ಪೀಡು ಸಿಗ್ಬೇಕಾದ್ರೆ ಬಯೋಸಲ್ಲಿ (ವಿಂಡೋಸಿಗೂ ಮೊದಲು ಓಡೋ ಮದರ್‌ಬೋರ್ಡಿನ ಪ್ರೋಗ್ರಾಮು) ಎಕ್ಸ್‌ಎಂಪಿ ಅನ್ನೋ ಸೆಟಿಂಗ್ ಆನ್ ಮಾಡ್ಬೇಕು, ಅದು ಲೆಕ್ಕದಲ್ಲಿ ಓವರ್‌ಕ್ಲಾಕೇ, ಅಂದ್ರೆ ಸ್ಟ್ಯಾಂಡರ್ಡ್ ಸ್ಪೀಡಿಗಿಂತ ಜೋರಾಗಿ ಓಡಿಸೋದು. ಎರಡು ಸ್ಟಿಕ್ ಇದ್ದಾಗ ನಡೀತಿದ್ದದ್ದು ಇನ್ನೆರಡು ಸೇರಿಸಿದ ಮೇಲೆ ನಡೀಬೇಕು ಅಂತೇನಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿ, ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಅನ್ನೋ ರ‍್ಯಾಮ್ ಪರೀಕ್ಷೆ ಬಿಟ್ಟು ಬೆಳಗ್ಗೆ ನೋಡಿದ್ರೆ ಸುಮಾರು ಅನುಮಾನ ಪರಿಹಾರ ಆಗುತ್ತೆ.

ದೊಡ್ಡೋರೂ ಏಮಾರಿದ್ದಾರೆ ಬಿಡಿ. ಇಂಟೆಲ್‌ನ 13 ಮತ್ತು 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಕಥೆ ಓದಿರ್ತೀರಿ. ಗೇಮ್ ಆಡೋವಾಗ ವಿಡಿಯೋ ಮೆಮೊರಿ ಸಾಲ್ತಿಲ್ಲ ಅಂತ ಮೆಸೇಜ್ ಬರ್ತಿತ್ತು, ಜನ ಗ್ರಾಫಿಕ್ಸ್ ಕಾರ್ಡಿಗೆ ಬೈಕೊಂಡು ಓಡಾಡಿದ್ರು, 2024ರ ಏಪ್ರಿಲಲ್ಲಿ ಗ್ರಾಫಿಕ್ಸ್ ಚಿಪ್ ಮಾಡೋ ಎನ್‌ವಿಡಿಯಾನೇ ಇಂಥ ಎರರ್ ಬಂದ್ರೆ ಇಂಟೆಲ್ ಕೇಳಿ ಅಂತು, ಜುಲೈಲಿ ಇಂಟೆಲ್ಲು ನಮ್ಮ ಮೈಕ್ರೋಕೋಡೇ (ಚಿಪ್ ಒಳಗಿನ ಪ್ರೋಗ್ರಾಮು) ಹೆಚ್ಚು ವೋಲ್ಟೇಜ್ ಕೇಳ್ತಿತ್ತು ಅಂತ ಒಪ್ಕೊಂಡು ಆಗಸ್ಟು, ಸೆಪ್ಟೆಂಬರಲ್ಲಿ ಅಪ್‌ಡೇಟ್ ಕೊಡ್ತು, ವಾರಂಟಿನೂ ಎರಡು ವರ್ಷ ಜಾಸ್ತಿ ಮಾಡ್ತು. ಆಗ್ಲೇ ಹಾಳಾಗಿರೋ ಚಿಪ್ ಮಾತ್ರ ಅಪ್‌ಡೇಟಿಂದ ಸರಿಹೋಗಲ್ಲ, ಬದಲಾಯಿಸ್ಲೇಬೇಕು. ಅಂಥ ಸಿಸ್ಟಮ್ಮಿಗೆ ವರ್ಷವಿಡೀ ಫಾರ್ಮ್ಯಾಟ್ ಹೊಡೆದ್ರೂ ಏನ್ ಬಂತು? ನಿಮ್ಮ ಹತ್ರ ಇದ್ರೆ ಸಿಸ್ಟಮ್ ಇನ್ಫರ್ಮೇಶನ್ ತೆಗೆದು ಬಯೋಸ್ ತಾರೀಖು ನೋಡಿ, 2024 ಸೆಪ್ಟೆಂಬರಿಗಿಂತ ಹಳೇದಾದ್ರೆ ಸೆಪ್ಟೆಂಬರಿನ ಅಪ್‌ಡೇಟ್ ಯಾರೂ ಹಾಕಿಲ್ಲ ಅಂತಾನೇ.

ಇಷ್ಟೆಲ್ಲ ಹೇಳಿ ಅಂಗಡಿ ಹುಡುಗರನ್ನೇ ಬೈಯೋದು ಅನ್ಯಾಯ. ಒಂದು ರಾತ್ರಿ ಟೆಸ್ಟ್ ಬಿಟ್ಟು, ಬೇರೆ ಪವರ್ ಸಪ್ಲೈ ಹಾಕಿ ನೋಡಿ, ಒಂದೊಂದೇ ರ‍್ಯಾಮ್ ತೆಗೆದು ನೋಡಿ, ಕೊನೆಗೆ ಇದೇ ಕಾರಣ ಅಂತ ಹೇಳೋನಿಗೆ ನಾವು ಕೊಡೋದೇನು? "ಬರೀ ಚೆಕ್ ಮಾಡಿದ್ದಕ್ಕೆ ದುಡ್ಡಾ?" ಅಂತೀವಿ. ಎಕ್ಸ್‌ರೇ ತೆಗೆಸಿ ಮೂಳೆ ಮುರಿದಿಲ್ಲ ಅಂದ್ರೂ ಆಸ್ಪತ್ರೇಲಿ ಸುಮ್ನೆ ಕಟ್ಟಿ ಬರ್ತೀವಲ್ಲ, ಇಲ್ಯಾಕೆ ಕೈ ಬರಲ್ಲ? ಫಾರ್ಮ್ಯಾಟ್ ಅಂದ್ರೆ ಕೆಲಸ ಕಣ್ಣಿಗೆ ಕಾಣುತ್ತೆ, ದುಡ್ಡೂ ಬರುತ್ತೆ, ಸಾಫ್ಟ್‌ವೇರೆಲ್ಲ ಖಾಲಿ ಆಗಿರೋದ್ರಿಂದ ಸಿಸ್ಟಮ್ಮೂ ನಾಕು ದಿನ ನೆಟ್ಟಗಿರುತ್ತೆ. ಆಮೇಲೆ ಎಲ್ಲಾ ಹಾಕ್ಕೊಂಡು ಲೋಡ್ ಕೊಟ್ಟಾಗ ಮತ್ತೆ ಅದೇ ರಾಗ.

ಆದ್ದರಿಂದ ನನ್ನ ಕೇಳಿಕೆ ಇಷ್ಟೇ. ಅಂಗಡಿಯೋರು ಚೆಕಿಂಗಿಗೆ ಅಂತಾನೇ ಬೇರೆ ರೇಟ್ ಬೋರ್ಡ್ ಹಾಕ್ಲಿ, ಏನೇನ್ ಟೆಸ್ಟ್ ಮಾಡಿದ್ವಿ, ಏನ್ ಸಿಕ್ತು ಅಂತ ಒಂದು ಚೀಟೀಲಿ ಬರೆದು ಕೊಡ್ಲಿ, ನಾವೂ ಮಾತಾಡ್ದೆ ಕೊಡೋಣ. ನಿಮ್ಮ ಪುಟದಲ್ಲಿ ಒಂದು ವಾರ ಫೋನ್ ರಿವ್ಯೂ ಬಿಟ್ಟು ಲಾಗ್ ನೋಡೋದು ಹೇಗೆ ಅಂತ ಸ್ಕ್ರೀನ್‌ಶಾಟ್ ಸಮೇತ ಹಾಕಿ. ಅದರ ಜೊತೆ ಇದೂ ಇರ್ಲಿ: ಅಸೆಂಬಲ್ ಸಿಸ್ಟಮ್ಮಿಗೆ ವಾರಂಟಿ ಒಂದೊಂದು ಪಾರ್ಟ್‌ಗೂ ಬೇರೆಬೇರೆ ಇರುತ್ತೆ, ಹಾಗಾಗಿ ತಗೋಳೋವಾಗ್ಲೇ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆದಿರೋ ಜಿಎಸ್‌ಟಿ ಬಿಲ್ ಕೇಳಿ ಇಸ್ಕೊಳ್ಳಿ, ಪೆನ್ಸಿಲಲ್ಲಿ ಗೀಚಿದ ಎಸ್ಟಿಮೇಟ್ ಚೀಟಿ ಹಿಡ್ಕೊಂಡು ಹೋದ್ರೆ ಸರ್ವಿಸ್ ಸೆಂಟರಲ್ಲಿ ಯಾರೂ ತಲೆ ಎತ್ತಿ ನೋಡಲ್ಲ.

ಇಂತಿ,
ಒಬ್ಬ ವಿಡಿಯೋ ಎಡಿಟರ್, ಹಾಸನ