ಡೈರೆಕ್ಟರಿಯ ಕೊಂಬೆಗೆ ವಿಭಾಗದ ಹೆಸರು ಬೇಡ

ಮಾನ್ಯ ಸಂಪಾದಕರೆ,

ಕರಾವಳಿಯ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳಲ್ಲಿ ಮೇಲ್, ವೈಫೈ, ಹಾಜರಿ ಎಲ್ಲಕ್ಕೂ ಒಂದೇ ಲಾಗಿನ್ ಬೇಕೆಂದು ಎಲ್‌ಡ್ಯಾಪ್ ಡೈರೆಕ್ಟರಿ (ಎಲ್ಲರ ಖಾತೆಗಳ ನಮೂದುಗಳನ್ನು ಒಂದೆಡೆ ಇಡುವ ವ್ಯವಸ್ಥೆ) ಕೂರಿಸುವವರಿಗೆ ಈ ಪತ್ರ. ಡೈರೆಕ್ಟರಿಯಲ್ಲಿ ನಮೂದುಗಳು ಕೂರುವುದು ಮರದ ಕೊಂಬೆಗಳಲ್ಲಿ. ಆ ಮರವನ್ನು ಆಫೀಸಿನ ವಿಭಾಗಗಳ ಪಟ್ಟಿ ನೋಡಿಕೊಂಡು ಕಟ್ಟಿದರೆ ಮುಂದೆ ತಲೆನೋವು ತಪ್ಪಿದ್ದಲ್ಲ.

ಒಂದು ನಮೂದಿನ ಪೂರ್ತಿ ಹೆಸರು, ಅಂದರೆ ಡಿಎನ್, ಹೀಗಿರುತ್ತದೆ: ಯುಐಡಿ=2417, ಒಯು=ಲೆಕ್ಕಪತ್ರ, ಡಿಸಿ=ಕಾಲೇಜು, ಡಿಸಿ=ಇನ್. ಲಕೋಟೆಯ ಮೇಲಿನ ವಿಳಾಸದಂತೆ ಮನೆ ಮೊದಲು, ಜಿಲ್ಲೆ ಕೊನೆಗೆ. (ಯುಐಡಿ ಎಂದರೆ ಬಳಕೆದಾರರ ಗುರುತು, ಒಯು ಎಂದರೆ ಕೊಂಬೆ. ಡಿಸಿ ಎಂದರೆ ಜಿಲ್ಲಾಧಿಕಾರಿಯಲ್ಲ, ಡೊಮೇನ್ ಹೆಸರಿನ ತುಂಡು.) ಎಡತುದಿಯ ತುಂಡು ಆ ಕೊಂಬೆಯಲ್ಲಿ ಇನ್ನೊಂದು ನಮೂದಿಗೆ ಇರಬಾರದು. ಅಲ್ಲಿ ಮನುಷ್ಯರ ಹೆಸರಿಟ್ಟರೆ ನಮ್ಮೂರಲ್ಲಿ ಎರಡನೇ ಗಣೇಶ್ ಶೆಟ್ಟಿ ಕೆಲಸಕ್ಕೆ ಸೇರಿದ ದಿನವೇ 68ನೇ ದೋಷ ಬರುತ್ತದೆ: ಈ ನಮೂದು ಈಗಾಗಲೇ ಇದೆ. ಸಿಬ್ಬಂದಿ ಸಂಖ್ಯೆಯೇ ಕ್ಷೇಮ.

ಇನ್ನು 2417ರವರಿಗೆ ಪರೀಕ್ಷಾ ವಿಭಾಗಕ್ಕೆ ವರ್ಗವಾಯಿತು ಎನ್ನಿ. ಕೊಂಬೆ ಬದಲಿಸಿದೊಡನೆ ಡಿಎನ್ ಕೂಡ ಬದಲಾಗುತ್ತದೆ. ಯಾರಿಗೆ ಯಾವ ಫೋಲ್ಡರ್ ಎಂದು ತೀರ್ಮಾನಿಸುವ ಗುಂಪುಗಳ ಸದಸ್ಯ ಪಟ್ಟಿಯಲ್ಲಿ ಬರೆದಿರುವುದು ಹಳೆಯ ಡಿಎನ್. ಓಪನ್ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಸಾಫ್ಟ್‌ವೇರ್ ತಾನಾಗಿ ಅದನ್ನು ತಿದ್ದುವುದಿಲ್ಲ, ಆ ಕೆಲಸಕ್ಕೆಂದೇ ಇರುವ ರೆಫಿಂಟ್ ಓವರ್‌ಲೇ ಎಂಬ ಜೋಡಣೆ ಹಾಕಿರಬೇಕು. ಇಲ್ಲವಾದರೆ ಪಾಸ್‌ವರ್ಡ್ ಸರಿಯಿದ್ದೂ ಒಂದು ಫೋಲ್ಡರೂ ತೆರೆಯುವುದಿಲ್ಲ, ಎಲ್ಲರೂ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಬದಲಿಸುತ್ತ ಕೂರುತ್ತಾರೆ. ಜಿಲ್ಲೆಯನ್ನೇ ಕೊಂಬೆ ಮಾಡಿದ ಮರವೊಂದು ಆಗ ಇದ್ದಿದ್ದರೆ, 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕಿನ ಪ್ರತಿಯೊಂದು ನಮೂದಿನ ಹೆಸರೂ ಬದಲಾಗಬೇಕಿತ್ತು. ಊರನ್ನೂ ಕೊಂಬೆ ಮಾಡಿದ್ದರೆ, 2014ರ ನವೆಂಬರಿನಲ್ಲಿ ಮಂಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾದಾಗ ಇನ್ನೊಂದು ಸುತ್ತು.

ಹಾಗಾಗಿ ಜನರಿಗೆ ಒಂದು ಕೊಂಬೆ, ಗುಂಪುಗಳಿಗೆ ಒಂದು, ಸಾಫ್ಟ್‌ವೇರ್‌ಗಳ ಖಾತೆಗೆ ಒಂದು, ಇಷ್ಟು ಧಾರಾಳ. ವಿಭಾಗ, ಕ್ಯಾಂಪಸ್, ಹುದ್ದೆ ನಮೂದಿನೊಳಗಿನ ಗುಣಗಳಾಗಿರಲಿ; ಅವಕ್ಕೆ ಇಂಡೆಕ್ಸ್ ಹಾಕಿ ಫಿಲ್ಟರ್‌ನಿಂದ ಹುಡುಕಿದರಾಯಿತು. ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿಯ ಮಾತು ಸ್ವಲ್ಪ ಬೇರೆ. ಅಲ್ಲಿ ಗ್ರೂಪ್ ಪಾಲಿಸಿ (ಯಂತ್ರ, ಬಳಕೆದಾರರಿಗೆ ಹಾಕುವ ನಿಯಮಗಳು) ಹೆಚ್ಚಾಗಿ ಅಂಟುವುದು ಒಯುವಿಗೆ, ಆದ್ದರಿಂದ ಹೆಚ್ಚು ಕೊಂಬೆ ಬೇಕಾಗುತ್ತದೆ. ಆದರೂ ಯಾವ ಯಂತ್ರವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಒಡೆಯಿರಿ, ವಿಭಾಗದ ಬೋರ್ಡ್ ನೋಡಿ ಅಲ್ಲ.

ನಮೂದುಗಳನ್ನು ಸಾಲುಸಾಲಾಗಿ ಬರೆದಿಡುವ ಎಲ್‌ಡಿಫ್ ಕಡತದಿಂದ ತುಂಬುವಾಗ ತಾಯಿ ಕೊಂಬೆ ಮೊದಲು ಬರಬೇಕು, ಇಲ್ಲದಿದ್ದರೆ 32ನೇ ದೋಷ: ಅಂಥದ್ದು ಇಲ್ಲ. ಅಳಿಸುವಾಗ ಎಲೆಯಿಂದ ಶುರು. ಎಲೆಯಿರುವ ಕೊಂಬೆಗೆ ಕೈಹಾಕಿದರೆ 66.

ನಮ್ಮವರನ್ನು ಹೆಚ್ಚು ಕಾಡುವುದು 65ನೇ ದೋಷ: ನಮೂದು ನಿಯಮದಂತೆ ಇಲ್ಲ. ವ್ಯಕ್ತಿಯ ನಮೂದಿಗೆ ಎಸ್‌ಎನ್, ಅಂದರೆ ಮನೆತನದ ಹೆಸರು, ಕಡ್ಡಾಯ. ಪೈ, ಭಟ್, ಡಿಸೋಜರಿಗೆ ಚಿಂತೆಯಿಲ್ಲ. ಬರೀ ಇನಿಷಿಯಲ್ ಇರುವವರಿಗೆ ಆ ಸಾಲನ್ನೇ ಬಿಟ್ಟುಬಿಟ್ಟರೆ ಆ ನಮೂದು ಒಳಗೆ ಹೋಗುವುದೇ ಇಲ್ಲ. ಚುಕ್ಕಿಯನ್ನೋ ಅಡ್ಡಗೆರೆಯನ್ನೋ ತುಂಬುವವರಿದ್ದಾರೆ, ಆಮೇಲೆ ಅದೇ ಗುರುತಿನ ಚೀಟಿಯಲ್ಲಿ ಅಚ್ಚಾಗುತ್ತದೆ. ಕೊಟ್ಟ ಹೆಸರನ್ನೇ ಅಲ್ಲಿ ಮತ್ತೊಮ್ಮೆ ಬರೆಯುವುದು ವಾಸಿ. ಕನ್ನಡದ ಹೆಸರನ್ನೂ ಇಡಬಹುದು: ಸಿಎನ್;ಲ್ಯಾಂಗ್-ಕೆಎನ್ ಎಂಬ ಗುಣದಲ್ಲಿ (ಸಿಎನ್ ಎಂದರೆ ವ್ಯಕ್ತಿಯ ಹೆಸರು, ಕೆಎನ್ ಎಂದರೆ ಕನ್ನಡ). ಎಲ್‌ಡಿಫ್‌ನಲ್ಲಿ ಮಾತ್ರ ಅದನ್ನು ಬೇಸ್64 ಎಂಬ ಸಂಕೇತಕ್ಕೆ ತಿರುಗಿಸಿ, ಗುಣದ ಹೆಸರಾದ ಮೇಲೆ ಎರಡು ಕೋಲನ್ ಹಾಕಬೇಕು.

ಎಲ್ಲ ತುಂಬಿ ಹುಡುಕಿದಾಗ 700 ವಿದ್ಯಾರ್ಥಿಗಳಲ್ಲಿ 500 ಮಂದಿಯೇ ಕಂಡರೆ ಉಳಿದವರು ಅಳಿಸಿಹೋಗಿಲ್ಲ. ಓಪನ್ ಎಲ್‌ಡ್ಯಾಪ್ ಮೊದಲಿಂದ ಇಟ್ಟುಕೊಂಡ ಮಿತಿಯೇ 500. ಆ ಹುಡುಕಾಟ ನಡೆಸುವ ಖಾತೆಗೆ ಮಾತ್ರ ಮಿತಿ ಏರಿಸಿ, ಎಲ್ಲರಿಗೂ ಅಲ್ಲ.

— ಸಿಸ್ಟಮ್ ಅಡ್ಮಿನ್ ಒಬ್ಬರು, ಕುಂಜಿಬೆಟ್ಟು, ಉಡುಪಿ